ಟೀಚರಮ್ಮನ ಟಿ.ವಿ. ಪೆಟ್ಟಿಗೆ: ಒಂದು ಇಲಿ, ಒಂದು ನಾಯಿ, ಒಂದೇ ಒಂದು ಮಾತು

ಈ ತಿಂಗಳು ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ವಿಷಯದ್ದು. ಅತ್ತೆ-ಸೊಸೆ ಜಗಳವನ್ನು ಎಲ್ಲರೂ ಬದಿಗಿಟ್ಟು ಡ್ರ್ಯಾಗನ್ ಹಿಂದೆ ಬಿದ್ದಿದ್ದೀರಿ. 2024ರ ಜೂನ್ 17ರ ಸೋಮವಾರ ಬೆಳಗ್ಗೆ ಆರೂವರೆಗೆ ಜಿಯೋ ಸಿನಿಮಾದಲ್ಲಿ ಅಮೆರಿಕದ ಸರಣಿ 'ಹೌಸ್ ಆಫ್ ದ ಡ್ರ್ಯಾಗನ್' ಎರಡನೇ ಸೀಸನ್ ಶುರುವಾಯಿತಲ್ಲ, ಆ ಮೊದಲ ಕಂತಿನ ಗಲಾಟೆ ಇನ್ನೂ ಮುಗಿದಿಲ್ಲ. ಸರಿ, ಈ ಸಲ ಪೂರ್ತಿ ಅಂಕಣ ಅದಕ್ಕೇ.

ಕಥೆ ಗೊತ್ತಿಲ್ಲದವರಿಗೆ ನಾಲ್ಕು ಸಾಲು. ಜಾರ್ಜ್ ಆರ್.ಆರ್. ಮಾರ್ಟಿನ್ ಬರೆದ 'ಫೈರ್ ಅಂಡ್ ಬ್ಲಡ್' ಪುಸ್ತಕದಿಂದ ತೆಗೆದದ್ದು ಇದು. ರಾಜ ವಿಸೇರಿಸ್ ತನ್ನ ನಂತರ ಮಗಳು ರೆನೀರಾ ರಾಣಿ ಅಂತ ಹೇಳಿದ್ದ. ಅವನು ಸತ್ತ ಕೂಡಲೇ ಎರಡನೇ ಹೆಂಡತಿ ಅಲಿಸೆಂಟ್ ಕಡೆಯವರು ಅವಳ ಮಗ ಏಗಾನ್‌ಗೆ ಪಟ್ಟ ಕಟ್ಟಿಬಿಟ್ಟರು. ಮೊದಲ ಸೀಸನ್ನಿನ ಕೊನೆಯಲ್ಲಿ ಅಲಿಸೆಂಟ್‌ಳ ಇನ್ನೊಬ್ಬ ಮಗ, ಒಕ್ಕಣ್ಣ ಏಮಂಡ್, ತನ್ನ ದೈತ್ಯ ಡ್ರ್ಯಾಗನ್ ವೇಗಾರ್ ಮೇಲೆ ಕೂತು ರೆನೀರಾಳ ಮಗ ಲೂಕ್‌ನ ಬೆನ್ನಟ್ಟಿದ. ಹೆದರಿಸೋಣ ಅಂತ ಹೋಗಿದ್ದು ಕೊಲೆಯಲ್ಲಿ ಮುಗಿಯಿತು. ಅದು 2022ರ ಅಕ್ಟೋಬರ್. ಅಲ್ಲಿಂದ 20 ತಿಂಗಳು ಕಾದೆವು. ಈಗ ಬಂದ ಕಂತಿನ ಹೆಸರೇ 'ಮಗನಿಗೆ ಮಗ' ಎಂಬ ಅರ್ಥದ್ದು.

ಅಚ್ಚಿಗೆ ಹೋಗುವ ಹೊತ್ತಿಗೆ ಮೂರು ಕಂತು ಬಂದಿವೆ. ನಾನು ಮೊದಲನೆಯದನ್ನು ದಾಟಿ ಒಂದು ಹೆಜ್ಜೆಯೂ ಇಡುವುದಿಲ್ಲ. ಆದರೆ ಮೊದಲನೆಯದನ್ನೇ ನೋಡಿರದವರು ಇಲ್ಲಿಗೇ ಪುಟ ಮಗುಚಿ. ಆಮೇಲೆ ನನ್ನನ್ನು ಬೈಯಬೇಡಿ.

ಪ್ರ: ಮೇಡಂ, ನಾನು ಪುಸ್ತಕ ಓದಿಲ್ಲ. ಕೊನೆಯ ದೃಶ್ಯ ನೋಡಿ ಕೈಕಾಲು ತಣ್ಣಗಾಯಿತು. ಆದರೆ ಪುಸ್ತಕ ಓದಿದ ಗೆಳತಿಯರು "ಎಲ್ಲ ಹಾಳು ಮಾಡಿದರು" ಅಂತ ಕೂಗಾಡುತ್ತಿದ್ದಾರೆ. ಅಂಥದ್ದೇನಿದೆ ಪುಸ್ತಕದಲ್ಲಿ? (ಪದವಿ ವಿದ್ಯಾರ್ಥಿನಿ, ತೀರ್ಥಹಳ್ಳಿ)

ಉ: ನಿನ್ನ ಗೆಳತಿಯರಂಥವನೊಬ್ಬ ನಮ್ಮ ಮನೆ ಮೇಲೇ ಬಾಡಿಗೆಗೆ ಇದ್ದಾನೆ. ಸಾಗರದ ಕಡೆಯ ಹುಡುಗ, ಸಾಫ್ಟ್‌ವೇರ್ ಕೆಲಸ. ಅವತ್ತು ಬಕ್ರೀದ್ ರಜೆ ಬೇರೆ. ಆರೂಕಾಲಿಗೇ ದಪ್ಪ ಪುಸ್ತಕ ಕಂಕುಳಲ್ಲಿ ಇಟ್ಟುಕೊಂಡು ಕೆಳಗೆ ಇಳಿದು ಬಂದ. ಪರೀಕ್ಷೆಗೆ ಕಾಪಿ ತಂದವನ ಹಾಗೆ! ನಾನು ಒಗ್ಗರಣೆ ಅವಲಕ್ಕಿ ಮಾಡಿ ಇಟ್ಟಿದ್ದೆ. ಇಬ್ಬರೂ ಕೂತೆವು. ಕಂತು ಮುಗಿಯಲು ಹತ್ತು ನಿಮಿಷ ಇದೆ ಎನ್ನುವಾಗ ಕರೆಂಟು ಹೋಯಿತು. ಮೈಸೂರಿನ ಜೂನ್ ಮಳೆ, ಗೊತ್ತಲ್ಲ. ಕೊನೆಗೆ ಅವನ ಮೊಬೈಲನ್ನು ಸಕ್ಕರೆ ಡಬ್ಬಕ್ಕೆ ಒರಗಿಸಿ, ಅಂಗೈಯಗಲದ ಪರದೆಯಲ್ಲಿ ಆ ದೃಶ್ಯ ನೋಡಿದೆವು.

ಮುಗಿದ ಮೇಲೆ ನಾನು ಮಾತಾಡುವ ಸ್ಥಿತಿಯಲ್ಲಿ ಇರಲಿಲ್ಲ. ಅವನು ಮಾತ್ರ ಪುಸ್ತಕವನ್ನು ಮೇಜಿನ ಮೇಲೆ ದಪ್ಪನೆ ಹಾಕಿ, "ಇಷ್ಟೇನಾ ಆಂಟಿ?" ಅಂದ.

ಅವನ ಸಿಟ್ಟಿನ ಕಾರಣ ಇದು. ತೆರೆಯ ಮೇಲೆ ನೀನು ನೋಡಿದ್ದು: ರೆನೀರಾಳ ಗಂಡ ಡೇಮನ್ ಇಬ್ಬರನ್ನು ಗೊತ್ತುಮಾಡುತ್ತಾನೆ. ಒಬ್ಬ ನಗರದ ಕಾವಲು ಪಡೆಯವನು, ಇನ್ನೊಬ್ಬ ಅರಮನೆಯಲ್ಲಿ ಇಲಿ ಹಿಡಿಯುವವನು. ಅವರಿಗೆ ಪುಸ್ತಕದಲ್ಲಿರುವ ಅಡ್ಡಹೆಸರು ಬ್ಲಡ್ ಮತ್ತು ಚೀಸ್. ಏಮಂಡ್‌ನನ್ನು ಕೊಲ್ಲಲು ಹೋಗುತ್ತಾರೆ, ಅವನು ಸಿಗುವುದಿಲ್ಲ. ಏಗಾನ್‌ನ ಹೆಂಡತಿ, ರಾಣಿ ಹೆಲೇನಾ, ತನ್ನ ಅವಳಿ ಮಕ್ಕಳ ಜೊತೆ ಸಿಗುತ್ತಾಳೆ. ಇಬ್ಬರಲ್ಲಿ ಗಂಡು ಯಾವುದು ಅಂತ ಕೇಳುತ್ತಾರೆ. ಅವಳು ಕತ್ತಿನ ಸರ ಕೊಡಲು ನೋಡುತ್ತಾಳೆ. ಕೊನೆಗೆ ಬೆರಳು ತೋರಿಸುತ್ತಾಳೆ. ಮಗಳನ್ನು ಎತ್ತಿಕೊಂಡು ಹೊರಟುಹೋಗುತ್ತಾಳೆ. ಕೊಲೆ ನಮಗೆ ಕಾಣುವುದಿಲ್ಲ, ಸದ್ದು ಮಾತ್ರ ಕೇಳುತ್ತದೆ.

ಪುಸ್ತಕದಲ್ಲಿ ಹೆಲೇನಾಗೆ ಮೂವರು ಮಕ್ಕಳು. ಆರು ವರ್ಷದ ಅವಳಿಗಳು ಜೆಹೇರಿಸ್ ಮತ್ತು ಜೆಹೇರಾ, ಎರಡು ವರ್ಷದ ಕೂಸು ಮೇಲೋರ್. ದಿನಾ ಸಂಜೆ ಮಲಗುವ ಮುಂಚೆ ಮಕ್ಕಳನ್ನು ಅಜ್ಜಿ ಅಲಿಸೆಂಟ್ ಕೋಣೆಗೆ ಕರೆತರುವುದು ರೂಢಿ. ಕೊಲೆಗಾರರು ಅಲ್ಲೇ ಹೊಂಚು ಹಾಕಿರುತ್ತಾರೆ, ಅಜ್ಜಿಯ ಕೈ ಬಾಯಿ ಕಟ್ಟಿಹಾಕಿರುತ್ತಾರೆ. ಇಬ್ಬರು ಗಂಡುಮಕ್ಕಳಲ್ಲಿ ಯಾರು ಸಾಯಬೇಕು, ನೀನೇ ಹೇಳು ಅಂತ ತಾಯಿಯನ್ನು ಹಿಡಿಯುತ್ತಾರೆ. ನನ್ನನ್ನೇ ಕೊಲ್ಲಿ ಅನ್ನುತ್ತಾಳೆ, ಒಪ್ಪುವುದಿಲ್ಲ. ಕೊನೆಗೆ ಅವಳು ಚಿಕ್ಕವನ ಹೆಸರು ಹೇಳುತ್ತಾಳೆ. ಆಗ ಅವರು ದೊಡ್ಡವನನ್ನು ಕೊಲ್ಲುತ್ತಾರೆ. ಬದುಕಿ ಉಳಿದ ಕೂಸಿನ ಮುಖ ನೋಡುತ್ತಾ ಆ ತಾಯಿ ಬದುಕಬೇಕು. ಯೋಚನೆ ಮಾಡು!

ಸರಣಿಯಲ್ಲಿ ಮೇಲೋರ್ ಹುಟ್ಟೇ ಇಲ್ಲ. ಹಾಗಾಗಿ ಆಯ್ಕೆಯೂ ಇಲ್ಲ, ಮೋಸವೂ ಇಲ್ಲ. ಅಲಿಸೆಂಟ್ ಕಟ್ಟಿಸಿಕೊಂಡು ನೋಡುವ ಬದಲು ಅಂಗರಕ್ಷಕ ಪಡೆಯ ಕ್ರಿಸ್ಟನ್ ಕೋಲ್ ಜೊತೆ ಮಂಚದಲ್ಲಿ ಇರುತ್ತಾಳೆ. ಅಭಿಮಾನಿಗಳು ಬೊಬ್ಬೆ ಹಾಕಿದ್ದು ರಕ್ತ ಕಡಿಮೆ ಆಯಿತು ಅಂತ ಅಲ್ಲ. ಕೆಲವರು ಹಾಗೆ ತಿಳಿದಿದ್ದಾರೆ, ಅದು ತಪ್ಪು. ಅವರು ಎರಡು ವರ್ಷದಿಂದ ಕಾದಿದ್ದು ಆ ತಾಯಿ ಬಾಯಿ ತೆರೆಯುವ ಒಂದು ಕ್ಷಣಕ್ಕೆ. ಅದೇ ಬರಲಿಲ್ಲ.

ನನ್ನ ಮಾತು ಕೇಳಿದರೆ, ಅವರ ದೂರು ನಿಜ. ಆದರೂ ಆ ದೃಶ್ಯ ಸೋತಿತು ಅಂತ ನಾನು ಹೇಳಲಾರೆ. ಹೆಲೇನಾ ಪಾತ್ರದ ಫಿಯಾ ಸಬಾನ್ ಕಿರುಚುವುದಿಲ್ಲ, ಎದೆ ಬಡಿದುಕೊಳ್ಳುವುದಿಲ್ಲ. ಮಗುವನ್ನು ಅವಚಿಕೊಂಡು ಆ ಮೆಟ್ಟಿಲು, ಕಾರಿಡಾರು ದಾಟಿ ನಡೆಯುತ್ತಾಳಲ್ಲ, ಆ ನಡಿಗೆ ನನಗೆ ಸಾಕಾಯಿತು. 31 ವರ್ಷ ಹೈಸ್ಕೂಲಿನಲ್ಲಿ ಪಾಠ ಮಾಡಿದ್ದೇನೆ. ಮಗುವನ್ನು ಕಳೆದುಕೊಂಡ ತಾಯಂದಿರನ್ನು ಎರಡು ಸಲ ಶಾಲೆಯ ಮೊಗಸಾಲೆಯಲ್ಲಿ ನೋಡಿದ್ದೇನೆ. ಇಬ್ಬರೂ ಕಿರುಚಲಿಲ್ಲ.

ಇನ್ನೊಂದು ವಿಷಯ. ಏಮಂಡ್ ಸಿಗದಿದ್ದರೆ ಏನು ಮಾಡಬೇಕು ಅಂತ ಚೀಸ್ ಕೇಳಿದಾಗ ಡೇಮನ್ ಮುಖ ತೋರಿಸಿ ಅಲ್ಲಿಗೇ ದೃಶ್ಯ ಕತ್ತರಿಸಿದರು, ಗಮನಿಸಿದೆಯಾ? ಅವನು ಮಗುವನ್ನು ಕೊಲ್ಲಿ ಅಂದನೋ ಇಲ್ಲವೋ ಗೊತ್ತಾಗುವುದಿಲ್ಲ. ಇದರ ಮೇಲೆ ಅಭಿಮಾನಿಗಳಲ್ಲಿ ದೊಡ್ಡ ಜಗಳ. ಮೇಲಿನ ಮನೆ ಹುಡುಗ "ಅವನು ಹೇಳಿಯೇ ಹೇಳಿದ್ದಾನೆ" ಅಂತಾನೆ. ನನಗೂ ಹಾಗೇ ಅನಿಸುತ್ತದೆ. ಆ ತುಟಿಯಂಚಿನ ನಗು ಬೇಡ ಅನ್ನುವವನದ್ದಲ್ಲ.

ಅಂದಹಾಗೆ, ಈ ಕಥೆ ನಮಗೆ ಹೊಸದೇನಲ್ಲ. ಅಶ್ವತ್ಥಾಮ ರಾತ್ರಿ ಹೊತ್ತು ಪಾಂಡವರ ಪಾಳೆಯಕ್ಕೆ ನುಗ್ಗಿ, ಮಲಗಿದ್ದ ದ್ರೌಪದಿಯ ಐವರು ಮಕ್ಕಳನ್ನು ಕೊಂದ. ನಮ್ಮಜ್ಜಿ ಆ ಭಾಗ ಹೇಳುವಾಗ ದನಿ ತಗ್ಗಿಸುತ್ತಿದ್ದರು. ಮಕ್ಕಳನ್ನು ಎಬ್ಬಿಸಬಾರದು ಎನ್ನುವ ಹಾಗೆ.

ಪ್ರ: ಒಂದು ಗಂಟೆಯ ಕಂತಿನಲ್ಲಿ ನಾಯಕಿ ಆಡಿದ್ದು ಒಂದೇ ಮಾತು! ಇದಕ್ಕೆ ಎರಡು ವರ್ಷ ಕಾಯಬೇಕಿತ್ತೇ? ಡ್ರ್ಯಾಗನ್ ಯುದ್ಧ ಎಲ್ಲಿ? (ಹಾಸನ)

ಉ: ನನಗೆ ಇಡೀ ಕಂತಿನಲ್ಲಿ ಬಹಳ ಹಿಡಿಸಿದ್ದೇ ಅದು. ನೀವು ಅದನ್ನೇ ಬೈದಿದ್ದೀರಿ.

ರೆನೀರಾ ಏನು ಮಾಡುತ್ತಾಳೆ ನೋಡಿ. ಸಮುದ್ರದ ಮೇಲೆ ಹಾರಿ ಹಾರಿ ಮಗನನ್ನು ಹುಡುಕುತ್ತಾಳೆ. ಮೀನುಗಾರರ ದಡದಲ್ಲಿ ಅವನ ಪುಟ್ಟ ಡ್ರ್ಯಾಗನ್‌ನ ರೆಕ್ಕೆ ಸಿಗುತ್ತದೆ. ಬಲೆಯಲ್ಲಿ ಸಿಕ್ಕಿಕೊಂಡ ಮಗನ ಬಟ್ಟೆ ಸಿಗುತ್ತದೆ. ಅದನ್ನು ಹಿಡಿದು ಕುಸಿಯುತ್ತಾಳೆ. ಮನೆಗೆ ಬಂದು ಸಭೆಯಲ್ಲಿ ನಿಂತು ತನಗೆ ಏಮಂಡ್ ಬೇಕು ಅಂತಷ್ಟೇ ಹೇಳುತ್ತಾಳೆ. ಮುಗಿಯಿತು. ರೆನೀರಾ ಪಾತ್ರದ ಎಮ್ಮಾ ಡಾರ್ಸಿ ಉಳಿದದ್ದನ್ನೆಲ್ಲ ಮುಖದಲ್ಲೇ ಮಾಡಿದ್ದಾರೆ. ಹಿರಿಮಗ ಜೇಸ್ ಊರಿಂದ ಬಂದು ಯಾರು ಯಾರು ನಮ್ಮ ಕಡೆ ಅಂತ ವರದಿ ಒಪ್ಪಿಸಲು ಶುರುಮಾಡಿ, ನಡುವೆ ಗಂಟಲು ಕಟ್ಟಿ ಅತ್ತುಬಿಡುತ್ತಾನೆ. ಅವಳು ಹೋಗಿ ತಬ್ಬಿಕೊಳ್ಳುತ್ತಾಳೆ. ಅಲ್ಲಿ ಸಂಭಾಷಣೆ ಬರೆದಿದ್ದರೆ ಏನಾಗುತ್ತಿತ್ತು? ನಮ್ಮ ಧಾರಾವಾಹಿಯಲ್ಲಾದರೆ ಸಿಡಿಲು ಗುಡುಗಿನ ಜೊತೆ ಮೂರು ಮುಖಕ್ಕೆ ಮೂರು ಮೂರು ಸಲ ಕ್ಯಾಮೆರಾ ಹೋಗುತ್ತಿತ್ತು.

ಅದೇ ಹೊತ್ತಿಗೆ ಆ ಕಡೆ ಅಲಿಸೆಂಟ್ ಗುಡಿಯಲ್ಲಿ ಸತ್ತವರ ಹೆಸರು ಹೇಳಿ ಮೇಣದಬತ್ತಿ ಹಚ್ಚುತ್ತಾಳೆ. ಗಂಡನಿಗೊಂದು. ವೈರಿಯ ಮಗ ಲೂಕ್‌ಗೂ ಒಂದು. ಇದನ್ನು ಎಷ್ಟು ಜನ ಗಮನಿಸಿದರೋ ಏನೋ, ಪತ್ರ ಬರೆದವರಲ್ಲಿ ಒಬ್ಬರೂ ಹೇಳಿಲ್ಲ.

ನಿಮ್ಮ ಡ್ರ್ಯಾಗನ್ ಯುದ್ಧ ಬರುತ್ತದೆ, ಬಿಡಿ. ಮದುವೆ ಮನೆಗೆ ಹೋದ ಕೂಡಲೇ ಹೋಳಿಗೆ ಬಡಿಸುವುದಿಲ್ಲ, ಮೊದಲು ಉಪ್ಪು, ಉಪ್ಪಿನಕಾಯಿ, ಕೋಸಂಬರಿ. ಆದರೆ ಒಂದು ಒಪ್ಪುತ್ತೇನೆ. ನಡುವಿನ ಭಾಗದಲ್ಲಿ ಹಡಗುಕಟ್ಟೆಯ ದೃಶ್ಯ ಬಂದಾಗ ನಾನೂ ಎದ್ದು ಕಾಫಿ ಬಿಸಿ ಮಾಡಲು ಹೋಗಿದ್ದೆ.

ಪ್ರ: ಅಕ್ಕಾ, ನಾನು ಕಸೂತಿ ಹಾಕುವವಳು. ಈ ಸಲ ಟೈಟಲ್‌ನಲ್ಲಿ ದಾರ, ಸೂಜಿ ಕೆಲಸ ಕಂಡು ಮೈ ಝುಂ ಅಂತು. ಹೋದ ಸಲ ಬೇರೆ ಇತ್ತಲ್ಲ? ಅದು ನೇಯ್ಗೆಯೋ ಕಸೂತಿಯೋ? (ಧಾರವಾಡ)

ಉ: ಎಲ್ಲರೂ ಸಾವು, ರಕ್ತ ಅನ್ನುತ್ತಿರುವಾಗ ನೀವೊಬ್ಬರು ದಾರ ನೋಡಿದಿರಿ. ಖುಷಿಯಾಯಿತು.

ಹೌದು, ಮೊದಲ ಸೀಸನ್ನಿನಲ್ಲಿ ಕಲ್ಲಿನ ನಗರದ ನಡುವೆ ಕಾಲುವೆಯಲ್ಲಿ ರಕ್ತ ಹರಿಯುತ್ತಿತ್ತು. ಅದು ವಂಶಾವಳಿ ಅಂತ ಅರ್ಥಮಾಡಿಕೊಳ್ಳಲು ನನಗೆ ನಾಲ್ಕು ಕಂತು ಬೇಕಾಯಿತು. ಈ ಸಲ ರಾಜವಂಶದ ಚರಿತ್ರೆಯನ್ನು ಬಟ್ಟೆಯ ಮೇಲೆ ದಾರದಲ್ಲಿ ತೋರಿಸುತ್ತಾರೆ. ಸಂಗೀತ ಕೊಟ್ಟ ರಮಿನ್ ಜವಾದಿಯ ಹಳೆಯ ರಾಗ ಹಾಗೇ ಇದೆ, ಚಿತ್ರ ಮಾತ್ರ ಹೊಸದು. ಇದನ್ನು ನೋಡಿದ ಕೂಡಲೇ ಇತಿಹಾಸದ ಮೇಷ್ಟ್ರುಗಳಿಗೆಲ್ಲ ನೆನಪಾಗುವುದು ಫ್ರಾನ್ಸಿನ ಬಾಯೂ ಊರಿನಲ್ಲಿರುವ ಹಳೆಯ ಪಟ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಕಥೆ ಅದರಲ್ಲಿದೆ. ಉದ್ದ ಸುಮಾರು 70 ಮೀಟರ್. ಮಜಾ ಏನು ಗೊತ್ತಾ? ಅದನ್ನು ಇಂಗ್ಲಿಷಿನಲ್ಲಿ ಟ್ಯಾಪೆಸ್ಟ್ರಿ ಅಂತಾರೆ, ಅಂದರೆ ನೇಯ್ದ ಚಿತ್ರ. ಆದರೆ ಅದು ನೇಯ್ಗೆಯೇ ಅಲ್ಲ! ನಾರುಬಟ್ಟೆಯ ಮೇಲೆ ಉಣ್ಣೆ ದಾರದಲ್ಲಿ ಸೂಜಿಯಿಂದ ಹೊಲಿದದ್ದು. ಅಂದರೆ ನಿಮ್ಮ ಕುಲದ್ದೇ.

ನಿಮ್ಮ ಗವಂತಿ, ಮುರ್ಗಿ ಹೊಲಿಗೆಗಳಲ್ಲಿ ಗೋಪುರ, ಆನೆ ಅಂಬಾರಿ, ತೇರು ಬರುತ್ತವೆ. ಒಂದು ಡ್ರ್ಯಾಗನ್ ಹಾಕಿ ನೋಡಿ. ಹಾಕಿದರೆ ಫೋಟೋ ಕಳಿಸಿ.

ಪ್ರ: ನಾನು ನ್ಯೂಜೆರ್ಸಿಯಲ್ಲಿದ್ದೇನೆ. ಭಾನುವಾರ ರಾತ್ರಿ ಒಂಬತ್ತಕ್ಕೆ ನಾನು ನೋಡುವಾಗಲೇ ಬೆಂಗಳೂರಿನಲ್ಲಿರುವ ತಂಗಿಯೂ ನೋಡುತ್ತಿರುತ್ತಾಳೆ. ಅಷ್ಟಕ್ಕೆ ಸುಮ್ಮನಿರದೆ ಮನೆಯವರ ವಾಟ್ಸಾಪ್ ಗುಂಪಿನಲ್ಲಿ ಎಲ್ಲ ಹಾಕಿಬಿಡುತ್ತಾಳೆ. ನನ್ನ ಗಂಡ ಸೋಮವಾರ ರಾತ್ರಿ ನೋಡುವವರು. ಮನೆಯಲ್ಲಿ ಯುದ್ಧ.

ಉ: ನಿಮ್ಮ ರಾತ್ರಿ ಒಂಬತ್ತು ನಮಗೆ ಮಾರನೇ ದಿನದ ಬೆಳಗಿನ ಆರೂವರೆ. ಜಗತ್ತಿನಲ್ಲಿ ಎಲ್ಲರಿಗೂ ಒಂದೇ ಹೊತ್ತಿಗೆ ಬಿಡುವುದೇ ಸೋರಿಕೆ ಆಗದಿರಲಿ ಅಂತ. ಮೊದಲ ಸೀಸನ್ನಿನ ಕೊನೆಯ ಕಂತು ಎರಡು ದಿನ ಮುಂಚೆಯೇ ಹೊರಗೆ ಬಿದ್ದು ರಂಪ ಆಗಿತ್ತು. ಆದರೆ ತಂಗಿಯ ಬಾಯಿಗೆ ಬೀಗ ಹಾಕುವ ತಂತ್ರಜ್ಞಾನ ಯಾರ ಹತ್ತಿರವೂ ಇಲ್ಲ.

ನಮ್ಮ ಮನೆಯ ಉಪಾಯ ಹೇಳುತ್ತೇನೆ. ಸರಣಿಗೆಂದೇ ಬೇರೆ ಗುಂಪು ಮಾಡಿ, ನೋಡಿದವರು ಮಾತ್ರ ಅದರೊಳಗೆ. ನಿಮ್ಮ ಯಜಮಾನರು ಮಂಗಳವಾರ ಸೇರಲಿ. ಎಂಪೈರ್ ಸ್ಟೇಟ್ ಕಟ್ಟಡದ ತುದಿಗೆ ಗಾಳಿ ತುಂಬಿದ ಡ್ರ್ಯಾಗನ್ ಸುತ್ತಿದ್ದನ್ನು ನದಿ ಈಚೆಯಿಂದ ನೋಡಿದೆ ಅಂತ ಬರೆದಿದ್ದೀರಲ್ಲ, ಆ ಚಿತ್ರವನ್ನಾದರೂ ಹಳೆಯ ಗುಂಪಿಗೆ ಹಾಕಿ. ನಿಮ್ಮ ಅಮ್ಮನಿಗೆ ಅದು ಸಾಕು.

ಪ್ರ: ಏಗಾನ್, ಏಮಂಡ್, ರೆನೀರಾ, ರೇನಿಸ್, ರೇನಾ... ಯಾರು ಯಾರಪ್ಪಾ? ಹುಚ್ಚು ಹಿಡಿಯುತ್ತಿದೆ. (ನಿವೃತ್ತ ಗುಮಾಸ್ತ, ತುಮಕೂರು)

ಉ: ಸ್ವಾಮಿ, ನಾನು ಮೈಸೂರಿನವಳು. ಚಾಮರಾಜ, ಕೃಷ್ಣರಾಜ, ಮತ್ತೆ ಚಾಮರಾಜ, ಮತ್ತೆ ಕೃಷ್ಣರಾಜ ಅಂತ ಎಂಟನೇ ತರಗತಿ ಮಕ್ಕಳಿಗೆ ಬಾಯಿಪಾಠ ಮಾಡಿಸಿದವಳು. ಮುಮ್ಮಡಿ, ನಾಲ್ವಡಿ ಅಂತ ಎಣಿಕೆ ಹಾಕಿದ್ದರಿಂದ ನಾವು ಬಚಾವ್. ಇವರೂ ಏಗಾನ್‌ಗೆ ಎಣಿಕೆ ಹಾಕುತ್ತಾರೆ. ಈಗ ಗದ್ದುಗೆ ಮೇಲಿರುವವನು ಇಮ್ಮಡಿ ಏಗಾನ್ ಅಂದುಕೊಳ್ಳಿ.

ಫ್ರಿಜ್ಜಿನ ಬಾಗಿಲಿಗೆ ಒಂದು ಹಾಳೆ ಅಂಟಿಸಿ. ಎಡಕ್ಕೆ ರೆನೀರಾ, ಬಲಕ್ಕೆ ಅಲಿಸೆಂಟ್. ಅವರ ಕೆಳಗೆ ಅವರವರ ಮಕ್ಕಳು. ಸತ್ತ ಹಾಗೆ ಅಡ್ಡಗೆರೆ ಎಳೆಯಿರಿ. ಜಾಸ್ತಿ ದಿನ ಆ ಹಾಳೆ ಬೇಕಾಗುವುದಿಲ್ಲ.

ಪ್ರ: ಆ ನಾಯಿಗೆ ಯಾಕೆ ಒದೆಸಿದರು? ನಮ್ಮ ಮನೆಯಲ್ಲಿ ಎಲ್ಲರಿಗೂ ಮಗುವಿಗಿಂತ ನಾಯಿಯದ್ದೇ ಚಿಂತೆ. (ಮಡಿಕೇರಿ)

ಉ: ನಿಮ್ಮ ಮನೆಯಲ್ಲಿ ಮಾತ್ರ ಅಲ್ಲ, ಬಹಳ ಕಡೆ ಹಾಗೇ ಆಗಿದೆ! ಬೆಳಗ್ಗೆ ಏಳೂಮುಕ್ಕಾಲಿಗೆ ನನಗೆ ಬಂದ ಮೊದಲ ಸಂದೇಶವೂ ನಾಯಿಯದ್ದೇ. ಚೀಸ್ ಜೊತೆ ಬಾಲ ಅಲ್ಲಾಡಿಸಿಕೊಂಡು ಬರುತ್ತದೆ, ಅವನು ಒದ್ದರೂ ಮತ್ತೆ ಅವನ ಕಡೆಯೇ ನೋಡುತ್ತದೆ. ಅದು ಪುಸ್ತಕದಲ್ಲಿಲ್ಲ, ತೆರೆಗೆಂದೇ ಸೇರಿಸಿದ್ದು. ಮನುಷ್ಯ ಎಂಥವನು ಅಂತ ಒಂದು ಒದೆತದಲ್ಲಿ ಹೇಳಿದರು. ಒಳ್ಳೆಯ ಕೆಲಸ ಅದು. ಮೇಲಿನ ಮನೆ ಹುಡುಗನೂ ಅದೊಂದನ್ನು ಬೈಯಲಿಲ್ಲ.

ಇಲಿಯ ವಿಷಯವನ್ನೂ ಮರೆಯಬೇಡಿ. ಕಂತಿನ ನಡುವೆ ಹೆಲೇನಾ ತನಗೆ ಭಯ ಅಂತಾಳೆ. ಡ್ರ್ಯಾಗನ್‌ಗಳದ್ದಲ್ಲ, ಇಲಿಗಳದ್ದು. ಗಂಡ ಅದನ್ನು ಕಿವಿಗೇ ಹಾಕಿಕೊಳ್ಳುವುದಿಲ್ಲ. ಎರಡನೇ ಸಲ ನೋಡುವಾಗ ಆ ಮಾತು ಕೇಳಿ ನನ್ನ ಕೈಲಿದ್ದ ಲೋಟ ಹಾಗೇ ನಿಂತಿತು.

ಪ್ರ: ನೋಡುಗರು ಕಡಿಮೆಯಾದರಂತೆ. ಸರಣಿ ತೋಪೆದ್ದಿತಾ? (ಬಳ್ಳಾರಿ)

ಉ: 2022ರ ಆಗಸ್ಟ್ 21ರಂದು ಮೊದಲ ಸೀಸನ್ ಶುರುವಾದಾಗ ಅಮೆರಿಕದಲ್ಲಿ ಆ ಒಂದು ರಾತ್ರಿ ಸುಮಾರು ಒಂದು ಕೋಟಿ ಜನ ನೋಡಿದ್ದರು. ಈ ಸಲ 78 ಲಕ್ಷ. ಕಮ್ಮಿಯೇ. ಆದರೆ ಇದು ಒಂದು ದೇಶದ, ಒಂದು ರಾತ್ರಿಯ ಲೆಕ್ಕ. ನಾನು ಸಕ್ಕರೆ ಡಬ್ಬಕ್ಕೆ ಒರಗಿಸಿ ನೋಡಿದ್ದು ಅದರಲ್ಲಿ ಬರುವುದಿಲ್ಲ. ಮೂರನೇ ಸೀಸನ್ ಮಾಡುತ್ತೇವೆ ಅಂತ ಸರಣಿಯ ವಾಹಿನಿ ಎಚ್‌ಬಿಒ ಈ ಕಂತು ಬರುವ ಮೂರು ದಿನ ಮುಂಚೆಯೇ ಹೇಳಿಯಾಗಿದೆ. ತೋಪಾಗುವ ಸರಣಿಗೆ ಯಾರೂ ಹಾಗೆ ಮಾಡುವುದಿಲ್ಲ.

ಪ್ರ: ಮಗನಿಗೆ 13 ವರ್ಷ. ಕ್ಲಾಸಿನಲ್ಲಿ ಎಲ್ಲರೂ ನೋಡುತ್ತಾರಂತೆ, ಹಟ ಮಾಡುತ್ತಾನೆ. ತೋರಿಸಬಹುದೇ? (ದಾವಣಗೆರೆ)

ಉ: ಬೇಡ. ಡ್ರ್ಯಾಗನ್ ಇದೆ ಅಂದ ಮಾತ್ರಕ್ಕೆ ಮಕ್ಕಳ ಕಥೆ ಅಲ್ಲ ಇದು. ಕ್ಲಾಸಿನಲ್ಲಿ ಎಲ್ಲರೂ ನೋಡುತ್ತಾರೆ ಅನ್ನುವುದು ಸುಳ್ಳು. 31 ವರ್ಷದಲ್ಲಿ ನಾನು ಕೇಳಿದ ಸುಳ್ಳುಗಳಲ್ಲಿ ಅದೇ ಎಲ್ಲಕ್ಕಿಂತ ಹಳೆಯದು.

ಪ್ರ: ಇದೇ ಲೋಕದ ಹಿಂದಿನ ಸರಣಿ 'ಗೇಮ್ ಆಫ್ ಥ್ರೋನ್ಸ್', ಅದರ ಕೊನೆಯ ಸೀಸನ್ ನನ್ನ ಎದೆ ಒಡೆದಿತ್ತು. ಆಮೇಲೆ ಈ ಲೋಕದ ಕಡೆ ತಲೆ ಹಾಕಿಲ್ಲ. ಈಗ ನೋಡಲಾ? (ಹುಬ್ಬಳ್ಳಿ)

ಉ: ನೀವು, ನಾನು ಒಂದೇ ದೋಣಿಯವರು. ಆ ಕೊನೆಯ ಸೀಸನ್ನಿನ ಮೊದಲ ಕಂತು ಬಂದದ್ದು 2019ರ ಏಪ್ರಿಲ್ 15, ಅದೂ ಸೋಮವಾರ, ಅದೂ ಆರೂವರೆ. ನಾನು ಆಗ ಬೆಂಗಳೂರಿನಲ್ಲಿ ಮಗಳ ಮನೆಯಲ್ಲಿದ್ದೆ. ಅಳಿಯ ಲ್ಯಾಪ್‌ಟಾಪ್ ಚೀಲ ಹೆಗಲಿಗೆ ಹಾಕಿಕೊಂಡೇ ನಿಂತು ನೋಡಿದ. ಆಫೀಸ್ ಬಸ್ಸು ಎರಡು ಸಲ ಹಾರ್ನ್ ಹೊಡೆದು ಹೊರಟುಹೋಯಿತು. ಆ ಕಂತನ್ನು ಅಮೆರಿಕದಲ್ಲಿ ಆ ರಾತ್ರಿ ನೋಡಿದವರು 1.74 ಕೋಟಿ. ಎಷ್ಟು ನಗು ಆ ಬೆಳಗ್ಗೆ! ಬ್ರಾನ್ ಅಂಗಳದಲ್ಲಿ ಗಾಲಿಕುರ್ಚಿ ಮೇಲೆ ಕೂತು ಎಲ್ಲರನ್ನೂ ದಿಟ್ಟಿಸುವುದು, ಸರ್ಸಿ ತನಗೆ ಆನೆ ಬರಲಿಲ್ಲ ಅಂತ ಮುಖ ಸಪ್ಪೆ ಮಾಡುವುದು. ಒಂದು ವಾರ ಅದೇ ತಮಾಷೆ. ಮೊದಲ ಸೀಸನ್ನಿನಲ್ಲಿ ಕಿಟಕಿಯಿಂದ ತಳ್ಳಿದವನೂ ತಳ್ಳಿಸಿಕೊಂಡವನೂ ಕೊನೆಯಲ್ಲಿ ಎದುರುಬದುರಾದಾಗ ಅಳಿಯ ಚೀಲ ಕೆಳಗಿಟ್ಟ.

ಆಮೇಲೆ ಏನಾಯಿತು ಅಂತ ನಿಮಗೆ ಗೊತ್ತು. ಕತ್ತಲಲ್ಲಿ ಏನೂ ಕಾಣದ ಯುದ್ಧ, ಊಟದ ಮೇಜಿನ ಮೇಲೆ ಮರೆತು ಬಿಟ್ಟ ಕಾಫಿ ಲೋಟ, ಗಡಿಬಿಡಿ. ಮತ್ತೆ ಬರೆದು ಮಾಡಿ ಅಂತ ಹತ್ತು ಲಕ್ಷಕ್ಕೂ ಜಾಸ್ತಿ ಜನ ಅರ್ಜಿಗೆ ಸಹಿ ಹಾಕಿದರು. ನಾನು ಹಾಕಲಿಲ್ಲ, ಅಳಿಯ ಹಾಕಿದ.

ಈ ಹೊಸ ಸೀಸನ್ ಶುರುವಾಗುವುದು ಎಲ್ಲಿ ಗೊತ್ತಾ? ಉತ್ತರದ ಹಿಮದಲ್ಲಿ, ಆ ದೊಡ್ಡ ಗೋಡೆಯ ಮೇಲೆ. 'ಗೇಮ್ ಆಫ್ ಥ್ರೋನ್ಸ್'ನ ಸ್ಟಾರ್ಕ್ ಮನೆತನದ ಪೂರ್ವಿಕ ಕ್ರೇಗನ್ ಸ್ಟಾರ್ಕ್ ಜೇಸ್‌ಗೆ ಗೋಡೆ ತೋರಿಸಿ, ಇದು ತಡೆಯುವುದು ಹಿಮವನ್ನಲ್ಲ, ಸಾವನ್ನು ಎನ್ನುವ ಅರ್ಥದ ಮಾತಾಡುತ್ತಾನೆ. ಆ ಕರಿ ತುಪ್ಪಟದ ನಿಲುವಂಗಿ ಕಂಡಾಗ ಹಳೆಯ ಮನೆಯ ವಾಸನೆ ಬಂದಂತಾಯಿತು. ಸುಮ್ನೆ ಆಮಿಷ ಅದು, ಹಳಬರನ್ನು ಒಳಗೆ ಕರೆಯಲು ಇಟ್ಟ ಬೆಲ್ಲ. ಗೊತ್ತಿದ್ದೂ ನಾನು ಬಾಯಿಗೆ ಹಾಕಿಕೊಂಡೆ. ನೀವು ಮೊದಲ ಸೀಸನ್ನಿನ ಹತ್ತು ಕಂತು ಮುಗಿಸಿ ಬನ್ನಿ. ಇಲ್ಲಿ ಪುಸ್ತಕದಲ್ಲಿ ಕಥೆ ಪೂರ್ತಿ ಇದೆ. ಕೊನೆಗೆ ಹಾಗೆ ದಾರಿ ತಪ್ಪುವ ಭಯ ಇಲ್ಲ.

ಪ್ರ: ಟೀಚರ್, ನೀವು ಕಪ್ಪೋ ಹಸಿರೋ? ಜಾರಿಕೊಳ್ಳಬೇಡಿ. (ಉಡುಪಿ)

ಉ: ಮಾರ್ಚ್‌ನಲ್ಲಿ ಒಂದೇ ದಿನ ರೆನೀರಾಳ ಕಪ್ಪು ಪಕ್ಷಕ್ಕೊಂದು, ಅಲಿಸೆಂಟ್‌ಳ ಹಸಿರು ಪಕ್ಷಕ್ಕೊಂದು ಟ್ರೇಲರ್ ಬಿಟ್ಟು ನಮ್ಮನ್ನೆಲ್ಲ ಜಗಳಕ್ಕೆ ಹಚ್ಚಿದರು. ಚುನಾವಣೆಯ ಹಾಗೆ ಬಣ್ಣ ಹಂಚಿದರು! ಹಸಿರು ಯಾಕೆಂದರೆ, ರೆನೀರಾಳ ಮದುವೆ ಊಟದ ದಿನ ಅಲಿಸೆಂಟ್ ಹಸಿರು ಉಡುಪಿನಲ್ಲಿ ಬಂದಿದ್ದಳು. ಅವಳ ತವರಿನ ಗೋಪುರದಲ್ಲಿ ಹಸಿರು ಬೆಂಕಿ ಉರಿದರೆ ಅದು ಯುದ್ಧದ ಕರೆ.

ನಾನು ಕಪ್ಪು. ಅದಕ್ಕೆ ಡ್ರ್ಯಾಗನ್ ಕಾರಣವಲ್ಲ, ಮಟಿಲ್ಡಾ ಕಾರಣ. ಈ ಕಥೆಗೆ ಇಂಗ್ಲೆಂಡಿನ ಚರಿತ್ರೆಯೇ ಬೀಜ. ರಾಜ ಒಂದನೇ ಹೆನ್ರಿಯ ಒಬ್ಬನೇ ಸಕ್ರಮ ಮಗ 1120ರಲ್ಲಿ ಹಡಗು ಮುಳುಗಿ ಸತ್ತ. ಹೆನ್ರಿ ತನ್ನ ಸಾಮಂತರಿಂದ ಮಗಳು ಮಟಿಲ್ಡಾಳೇ ಮುಂದಿನ ಒಡತಿ ಅಂತ ಪ್ರಮಾಣ ಮಾಡಿಸಿದ. 1135ರಲ್ಲಿ ಅವನು ಸತ್ತ ಕೂಡಲೇ ಸೋದರಳಿಯ ಸ್ಟೀಫನ್ ಓಡಿ ಬಂದು ಕಿರೀಟ ಹಾಕಿಕೊಂಡ. ಪ್ರಮಾಣ ಮಾಡಿದವರೇ ಅವನ ಹಿಂದೆ ನಿಂತರು. ವರ್ಷಗಟ್ಟಲೆ ಹೊಡೆದಾಡಿದರು. ಮಟಿಲ್ಡಾ ಪಟ್ಟಾಭಿಷೇಕ ಆಗಲೇ ಇಲ್ಲ. 1154ರಲ್ಲಿ ಅವಳ ಮಗ ರಾಜನಾದ. ಪಠ್ಯಪುಸ್ತಕದಲ್ಲಿ ಅವಳಿಗೆ ಒಂದು ಸಾಲೂ ಇರುತ್ತಿರಲಿಲ್ಲ. ನಾನು ಬಿಡುವಿದ್ದಾಗ ಹುಡುಗಿಯರಿಗೆ ಹೇಳುತ್ತಿದ್ದೆ.

ಆದರೆ ಜೂನ್ 17ರ ಬೆಳಗ್ಗೆ ಏಳೂವರೆಗೆ ನಾನು ಯಾವ ಬಣ್ಣದವಳೂ ಆಗಿರಲಿಲ್ಲ. ಏಗಾನ್‌ನನ್ನು ನಾನು ಮೊದಲ ಸೀಸನ್ನಿನಿಂದ ಶಪಿಸುತ್ತಿದ್ದೆ. ಈ ಕಂತಿನಲ್ಲಿ ಅವನು ಆಡಳಿತದ ಸಭೆಗೆ ಮಗನನ್ನು ಎತ್ತಿಕೊಂಡು ಬರುತ್ತಾನೆ. ಆ ಮಗು ಮಂತ್ರಿಯ ಬೆನ್ನ ಮೇಲೆ ಕುದುರೆ ಸವಾರಿ ಕೇಳುತ್ತದೆ. ಕುರಿ ಕಾಯುವವನೊಬ್ಬ ಬಂದು ಡ್ರ್ಯಾಗನ್ ಮೇವಿಗೆ ನನ್ನ ಕುರಿ ತೆಗೆದುಕೊಂಡರು ಅಂದಾಗ ಏಗಾನ್ ತಕ್ಷಣ ವಾಪಸ್ ಕೊಡೋಣ ಅಂತಾನೆ, ಅಜ್ಜ ಕಿವಿಯಲ್ಲಿ ಏನೋ ಊದಿ ತಡೆಯುತ್ತಾನೆ. ಹೀಗೆ ನಮಗೆ ಆ ಅಪ್ಪ ಮಗನ ಮೇಲೆ ಸ್ವಲ್ಪ ಪ್ರೀತಿ ಹುಟ್ಟಿಸಿ, ಅರ್ಧ ಗಂಟೆ ಬಿಟ್ಟು ಆ ಮಗುವನ್ನೇ ಕೊಂದರು. ಲೂಕ್‌ಗೆ ನ್ಯಾಯ ಬೇಕು ಅಂತ ಕೂಗಿದವರಲ್ಲಿ ನಾನೂ ಒಬ್ಬಳು. ಸಿಕ್ಕಿದ ನ್ಯಾಯ ಅದು. ಮೇಲಿನ ಮನೆ ಹುಡುಗನಿಗೆ ಇದನ್ನೇ ಹೇಳಿದೆ. ಅವನು ಉತ್ತರ ಕೊಡಲಿಲ್ಲ. ಪುಸ್ತಕ ಎತ್ತಿಕೊಂಡು, ಅವಲಕ್ಕಿ ತಟ್ಟೆ ತೊಳೆದಿಟ್ಟು ಹೋದ.

ಪ್ರ: ಮೇಡಂ, ಸಿಟ್ಟು ಮಾಡಿಕೊಳ್ಳಬೇಡಿ. ನಿಮ್ಮ ಅಂಕಣ ಓದಿ ನನ್ನ ಹೆಂಡತಿಯೂ ಇದಕ್ಕೆ ಅಂಟಿಕೊಂಡಿದ್ದಾಳೆ. ಸೋಮವಾರ ಬೆಳಗ್ಗೆ ತಿಂಡಿ ಇಲ್ಲ. ಪರಿಹಾರ ಹೇಳಿ. (ಮಂಡ್ಯ)

ಉ: ಎಂಟೇ ಸೋಮವಾರ ಸ್ವಾಮಿ, ಆಗಸ್ಟ್ 5ಕ್ಕೆ ಮುಗಿಯುತ್ತದೆ. ಅಲ್ಲಿಯವರೆಗೆ ಉಪ್ಪಿಟ್ಟು ಕಲಿಯಿರಿ. ಒಂದು ಲೋಟ ರವೆಗೆ ಎರಡೂವರೆ ಲೋಟ ನೀರು. ಹುರಿಯುವಾಗ ಉರಿ ಸಣ್ಣಗಿರಲಿ. ಇಬ್ಬರಿಗೂ ಮಾಡಿ, ಅವರ ತಟ್ಟೆಯನ್ನು ಟಿ.ವಿ. ಮುಂದೆ ಇಡಿ. ಇಡುವಾಗ ಪರದೆಗೆ ಅಡ್ಡ ನಿಲ್ಲಬೇಡಿ.